ಗೆದ್ದ ಕಾರಿಗೆ ಭಾರ ಹೊರಿಸುವುದು ನ್ಯಾಯವಲ್ಲ

ಅಮೆರಿಕದ ಹವ್ಯಾಸಿ ಕಾರ್ ರೇಸುಗಳಲ್ಲಿ ಮೊದಲು ಗೆರೆ ದಾಟಿದ ಮಾತ್ರಕ್ಕೆ ಗೆಲುವು ಖಚಿತವಾಗುವುದಿಲ್ಲ. ಓಡಿ ಬಂದ ಕಾರನ್ನು ಚಾಲಕ ಕೂತಿದ್ದಂತೆಯೇ, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿನ ಸಮೇತ, ತೂಕದ ಯಂತ್ರದ ಮೇಲೆ ಹತ್ತಿಸುತ್ತಾರೆ. ಆ ಮಾದರಿಗೆ ನಿಯಮ ಪುಸ್ತಕ ನಿಗದಿ ಮಾಡಿದ ಕನಿಷ್ಠ ತೂಕಕ್ಕಿಂತ ಕಡಿಮೆ ಬಂದರೆ ತಿಂಗಳುಗಟ್ಟಲೆ ಮಾಡಿದ ಸಿದ್ಧತೆ ನೀರುಪಾಲಾಗುತ್ತದೆ. ಟ್ರ್ಯಾಕಿನ ಪೈಪೋಟಿ ಶುರುವಾಗುವ ಮೊದಲೇ ಒಂದು ದೊಡ್ಡ ತೀರ್ಮಾನ ಆಗಿಹೋಗಿರುತ್ತದೆ ಎಂದಾಯಿತು: ಯಾವ ಕಾರು ಎಷ್ಟು ತೂಗಬೇಕು ಎಂಬ ತೀರ್ಮಾನ. ಅದನ್ನು ಯಾವ ಆಧಾರದ ಮೇಲೆ ಮಾಡಬೇಕು? ಕಾರಿನ ಎಂಜಿನ್ ಮತ್ತು ರಚನೆಯನ್ನು ಲೆಕ್ಕ ಹಾಕಿಯೋ, ಅದು ಎಷ್ಟು ಸಲ ಗೆದ್ದಿದೆ ಎಂದು ನೋಡಿಯೋ? ಲೆಕ್ಕವೇ ಆಧಾರವಾಗಬೇಕು, ಆ ಲೆಕ್ಕ ಎಲ್ಲರಿಗೂ ಕಾಣುವಂತೆ ಇರಬೇಕು, ತಪ್ಪಾಗಿದ್ದರೆ ಅಳತೆಯ ಪುರಾವೆಯಿಂದ ಮಾತ್ರ ತಿದ್ದಬೇಕು ಎಂಬುದು ಈ ಲೇಖನದ ವಾದ. ಕಾರ್ ರೇಸಿನಲ್ಲಿ ಆಸಕ್ತಿ ಇಲ್ಲದವರೂ ಇದನ್ನು ಗಮನಿಸಬೇಕು. ಬೇರೆ ಬೇರೆ ಶಕ್ತಿಯವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಪೈಪೋಟಿ ನಡೆಸುವ ಎಲ್ಲ ಕಡೆಯೂ ಇದೇ ಪ್ರಶ್ನೆ ಏಳುತ್ತದೆ.

ಈ ಚರ್ಚೆ ದಶಕಗಳಿಂದ ಬಿಸಿಯಾಗಿರುವುದು ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕದಲ್ಲಿ. 1944ರಲ್ಲಿ ಹುಟ್ಟಿದ ಈ ಸಂಸ್ಥೆಯ ರೇಸುಗಳನ್ನು ಬಹುಪಾಲು ಸ್ವಯಂಸೇವಕರೇ ನಡೆಸುತ್ತಾರೆ. ಸ್ಪರ್ಧಿಸುವವರು ವಾರವಿಡೀ ಬೇರೆ ಉದ್ಯೋಗ ಮಾಡಿ, ವಾರಾಂತ್ಯದಲ್ಲಿ ತಮ್ಮದೇ ದುಡ್ಡಿನಲ್ಲಿ ಕಾರು ಓಡಿಸುವವರು. 1980ರ ದಶಕದಲ್ಲಿ ಅಲ್ಲಿ ‘ಇಂಪ್ರೂವ್ಡ್ ಟೂರಿಂಗ್’ ಎಂಬ ವಿಭಾಗ ಶುರುವಾಯಿತು. ಷೋರೂಮಿನಲ್ಲಿ ಮಾರಾಟವಾಗಿದ್ದ ಸಾಧಾರಣ ಕಾರನ್ನೇ ತಂದು, ಒಳಗೆ ಉಕ್ಕಿನ ಕೊಳವೆಗಳ ರಕ್ಷಣಾ ಪಂಜರ ಕಟ್ಟಿ, ಸೀಮಿತ ಬದಲಾವಣೆ ಮಾಡಿಕೊಂಡು ರೇಸಿಗಿಳಿಸುವುದು ಅದರ ತಿರುಳು. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಎಕ್ಸಾಸ್ಟ್ ಕೊಳವೆ ಬದಲಿಸಬಹುದು. ಎಂಜಿನ್ನಿನ ಕಂಪ್ಯೂಟರನ್ನು ಹೊಸದಾಗಿ ಹೊಂದಿಸಬಹುದು. ಆದರೆ ಕ್ಯಾಮ್‌ಶಾಫ್ಟ್ ಮೂಲದ್ದೇ ಇರಬೇಕು. ಶಕ್ತಿಗೆ ತಕ್ಕಂತೆ ವರ್ಗಗಳಿವೆ: ಐಟಿಆರ್, ಐಟಿಎಸ್, ಐಟಿಎ, ಐಟಿಬಿ, ಐಟಿಸಿ. ಒಂದೊಂದು ವರ್ಗದಲ್ಲೂ ಹತ್ತಾರು ಕಂಪನಿಗಳ, ಬೇರೆ ಬೇರೆ ದಶಕಗಳ ಕಾರುಗಳು ಒಟ್ಟಿಗೆ ಓಡುತ್ತವೆ. ಹೋಂಡಾ, ಮಜ್ದಾ, ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯು, ವೋಲ್ವೊ ಎಲ್ಲವನ್ನೂ ಸರಿಸುಮಾರು ಸಮ ಮಾಡಲು ನಿಯಮಕಾರರ ಕೈಯಲ್ಲಿರುವ ಮುಖ್ಯ ಉಪಾಯ ತೂಕ. ಶಕ್ತಿ ಹೆಚ್ಚಿದ್ದರೆ ಹೆಚ್ಚು ಭಾರ, ಕಡಿಮೆ ಇದ್ದರೆ ಕಡಿಮೆ ಭಾರ.

ಎಂಜಿನ್ನಿನ ಗಾತ್ರ ನೋಡಿ ವರ್ಗ ಮಾಡಿದರೆ ಸಾಲದೇ ಎಂದು ನಮ್ಮಲ್ಲಿ ಅನೇಕರಿಗೆ ಅನಿಸಬಹುದು. ಭಾರತದ ರ‍್ಯಾಲಿ ಮತ್ತು ರೇಸುಗಳಲ್ಲಿ ಸಿಸಿ ಲೆಕ್ಕದ ವಿಂಗಡಣೆ ಬಹುಕಾಲದಿಂದ ರೂಢಿಯಲ್ಲಿದೆ. ಅಳೆಯಲು ಸುಲಭ, ಜಗಳವೂ ಕಡಿಮೆ. ಆದರೆ ಸಿಸಿ ಎಂಬುದು ಶಕ್ತಿಯ ಅಳತೆಯಲ್ಲ. ನಮ್ಮ ರಸ್ತೆಯಲ್ಲೇ ಓಡಿದ ಹೋಂಡಾ ಸಿಟಿಯನ್ನು ನೋಡಿ. 2000ದ ಸುಮಾರಿಗೆ ಬಂದ 1.5 ಲೀಟರಿನ ವಿಟೆಕ್ ಮಾದರಿ ಸುಮಾರು 106 ಅಶ್ವಶಕ್ತಿ ಕೊಡುತ್ತಿತ್ತು. ಅದರ ನಂತರ, 2003ರಲ್ಲಿ ಬಂದ ಸಿಟಿಯ ಎಂಜಿನ್ ಕೂಡ 1.5 ಲೀಟರಿನದೇ. ಮೈಲೇಜಿಗೆ ಆದ್ಯತೆ ಕೊಟ್ಟು ಮಾಡಿದ್ದರಿಂದ ಅದರ ಶಕ್ತಿ ಸುಮಾರು 77 ಅಶ್ವಶಕ್ತಿಯಷ್ಟೇ. ಒಂದೇ ಕಂಪನಿ, ಒಂದೇ ಹೆಸರು, ಹೆಚ್ಚುಕಡಿಮೆ ಒಂದೇ ಸಿಸಿ. ಇವೆರಡನ್ನೂ ಒಂದೇ ವರ್ಗದಲ್ಲಿ ಒಂದೇ ತೂಕಕ್ಕೆ ಓಡಿಸಿದರೆ ಅದು ಪೈಪೋಟಿಯೇ ಅಲ್ಲ. ಸಿಸಿ ಲೆಕ್ಕದಲ್ಲಿ ಕೊನೆಗೆ ಉಳಿಯುವುದು ಆ ಗಾತ್ರದ ಅತಿ ಬಲಿಷ್ಠ ಮಾದರಿ ಒಂದೇ. ಮಿಕ್ಕ ಕಾರುಗಳ ಒಡೆಯರು ಅದನ್ನೇ ಕೊಳ್ಳಬೇಕು, ಇಲ್ಲವೇ ಹಿಂದೆಯೇ ಉಳಿಯಬೇಕು. ಬಗೆಬಗೆಯ ಕಾರುಗಳು ಓಡಬೇಕೆಂಬ ಆಸೆ ಇದ್ದರೆ ಒಂದೊಂದು ಅಶ್ವಶಕ್ತಿಗೂ ಇಷ್ಟು ತೂಕ ಎಂಬ ಲೆಕ್ಕಕ್ಕೆ ಬರಲೇಬೇಕು.

ಆ ಲೆಕ್ಕ ಹೇಗಿದೆ ಎಂದು ಹತ್ತಿರದಿಂದ ನೋಡೋಣ. ಮೊದಲು ಕಂಪನಿ ಘೋಷಿಸಿದ ಅಶ್ವಶಕ್ತಿ. ನಿಯಮ ಬಿಟ್ಟುಕೊಡುವ ಬದಲಾವಣೆಗಳಿಂದ ಅದು ಎಷ್ಟು ಏರಬಹುದು ಎಂಬ ಅಂದಾಜು ಎರಡನೆಯದು. ಬೇರೆ ಮಾಹಿತಿ ಇಲ್ಲದಿದ್ದರೆ ಶೇ 25 ಎಂದು ಹಿಡಿಯುವುದು ರೂಢಿ. ಹಾಗೆ ಬಂದ ಅಂಕಿಯನ್ನು ಆಯಾ ವರ್ಗದ ಗುಣಕದಿಂದ ಗುಣಿಸಬೇಕು. ಅಮೆರಿಕದವರು ಇದನ್ನು ಪೌಂಡಿನಲ್ಲಿ ಬರೆಯುತ್ತಾರೆ. ನಮ್ಮ ಲೆಕ್ಕಕ್ಕೆ ತಂದರೆ ಒಂದು ಅಶ್ವಶಕ್ತಿಗೆ ಐಟಿಎಸ್‌ನಲ್ಲಿ ಸುಮಾರು 5.85 ಕಿಲೊ, ಐಟಿಎಯಲ್ಲಿ 6.6 ಕಿಲೊ, ಐಟಿಬಿಯಲ್ಲಿ 7.7 ಕಿಲೊ. ಕೊನೆಯಲ್ಲಿ ಕೆಲವು ಕೂಡು ಕಳೆ. ಮುಂದಿನ ಚಕ್ರಗಳಿಗೇ ಶಕ್ತಿ ಕೊಡುವ ಕಾರಿಗೆ ಒಂದಿಷ್ಟು ರಿಯಾಯಿತಿ, ಸಸ್ಪೆನ್ಷನ್ ಅಥವಾ ಬ್ರೇಕ್ ತುಂಬಾ ಉತ್ತಮವಾಗಿದ್ದರೆ ಒಂದಿಷ್ಟು ಹೆಚ್ಚುವರಿ ಭಾರ. ಷೋರೂಮಿನಿಂದ 110 ಅಶ್ವಶಕ್ತಿಯೊಂದಿಗೆ ಹೊರಬಂದ ಕಾರೊಂದು ಐಟಿಬಿಗೆ ಬಂತೆನ್ನಿ. ಶೇ 25 ಏರಿಕೆಗೆ ಅದು 137.5 ಆಗುತ್ತದೆ. 7.7ರಿಂದ ಗುಣಿಸಿದರೆ 1,059 ಕಿಲೊ. ಇಷ್ಟೇ. ಕಾಗದ, ಪೆನ್ನು ಇದ್ದವರು ಯಾರು ಬೇಕಾದರೂ ಮಾಡಿ ನೋಡಬಹುದು. ಈ ಪದ್ಧತಿಯ ದೊಡ್ಡ ಗುಣವೇ ಅದು. ಉತ್ತರ ಇಷ್ಟವಾಗದೆ ಹೋಗಬಹುದು, ಆದರೆ ಎಲ್ಲಿಂದ ಬಂತು ಎಂದು ಗೊತ್ತಾಗುತ್ತದೆ. ಯಾವ ಮೆಟ್ಟಿಲಿನಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಬಹುದು.

ಈಗ ಅದೇ ಕಾರಿಗೆ ಏರಿಕೆಯ ಅಂದಾಜು ಶೇ 25ರ ಬದಲು ಶೇ 30 ಎಂದು ಹಿಡಿಯಿರಿ. ಶಕ್ತಿ 143 ಆಗುತ್ತದೆ, ತೂಕ 1,101 ಕಿಲೊ ಆಗುತ್ತದೆ. ಐದು ಅಂಶಗಳ ಅಂದಾಜಿನ ವ್ಯತ್ಯಾಸ 42 ಕಿಲೊ ಭಾರವಾಗಿ ಕಾರಿನ ನೆಲಹಾಸಿನ ಮೇಲೆ ಬಂದು ಕೂರುತ್ತದೆ. ಸುತ್ತಿನ ಸಮಯದಲ್ಲಿ ಅದರಿಂದಾಗುವ ವ್ಯತ್ಯಾಸ ಶೇ 1ರ ಆಸುಪಾಸು ಅಥವಾ ಅದಕ್ಕಿಂತಲೂ ಕಡಿಮೆ ಇರಬಹುದು. ಒಂದೂಮುಕ್ಕಾಲು ನಿಮಿಷದ ಸುತ್ತಿನಲ್ಲಿ ಒಂದು ಸೆಕೆಂಡ್ ಎಂದರೂ, ಇಪ್ಪತ್ತು ಸುತ್ತು ಮುಗಿಯುವ ಹೊತ್ತಿಗೆ ಅದು ಇಪ್ಪತ್ತು ಸೆಕೆಂಡ್. ಸಮಬಲದ ಚಾಲಕರಿದ್ದರೆ ಗೆಲುವು ಸೋಲು ಅಲ್ಲೇ ತೀರ್ಮಾನವಾಗುತ್ತದೆ. ಸಮಯದ ಮಾತಷ್ಟೇ ಅಲ್ಲ. ಭಾರದ ಕಾರು ಟೈರುಗಳನ್ನು ಬೇಗ ಸವೆಸುತ್ತದೆ, ಬ್ರೇಕ್ ಪ್ಯಾಡುಗಳನ್ನು ಸುಡುತ್ತದೆ, ಚಕ್ರದ ಬೇರಿಂಗುಗಳನ್ನು ತಿನ್ನುತ್ತದೆ. ಸ್ವಂತ ಜೇಬಿನಿಂದ ಖರ್ಚು ಮಾಡುವ ಹವ್ಯಾಸಿಗೆ ಇದು ಋತುವಿಡೀ ಕಟ್ಟುವ ದಂಡ. ಆದ್ದರಿಂದ ಆ ಐದು ಅಂಶಗಳನ್ನು ಯಾರೋ ನಾಲ್ವರು ಕೂತು ‘ಇರಬಹುದು’ ಎಂದು ಸೇರಿಸುವುದಕ್ಕೂ, ಅಳತೆಯ ಆಧಾರ ತೋರಿಸಿ ಸೇರಿಸುವುದಕ್ಕೂ ಅಜಗಜಾಂತರವಿದೆ.

ಲೆಕ್ಕದ ಪದ್ಧತಿಯನ್ನು ವಿರೋಧಿಸುವವರ ಮೊದಲ ಆಕ್ಷೇಪ ಸರಳವಾಗಿದೆ ಮತ್ತು ಮೇಲ್ನೋಟಕ್ಕೆ ಬಲವಾಗಿಯೂ ಇದೆ. ರೇಸು ನಡೆಯುವುದು ಟ್ರ್ಯಾಕಿನ ಮೇಲೆ, ಕಾಗದದ ಮೇಲಲ್ಲ. ಒಂದೇ ಮಾದರಿಯ ಕಾರು ಎಲ್ಲೆಡೆ ಗೆಲ್ಲುತ್ತಿದ್ದರೆ ಅದಕ್ಕಿಂತ ದೊಡ್ಡ ಪುರಾವೆ ಇನ್ನೇನು ಬೇಕು? ಗೆಲ್ಲುವ ಕಾರಿಗೆ ಭಾರ ಸೇರಿಸಿ, ಸೋಲುವ ಕಾರಿನಿಂದ ಇಳಿಸಿ, ನಾಲ್ಕಾರು ಸಲ ಹೀಗೆ ಮಾಡಿದರೆ ಸಮತೋಲ ತಾನಾಗಿ ಬರುತ್ತದೆ ಎಂಬುದು ಅವರ ವಾದ. ಇದಕ್ಕೆ ನಮಗೆಲ್ಲ ಪರಿಚಯವಿರುವ ಉದಾಹರಣೆ ಬೆಂಗಳೂರು, ಮೈಸೂರಿನ ಕುದುರೆ ರೇಸಿನಲ್ಲೇ ಇದೆ. ಹ್ಯಾಂಡಿಕ್ಯಾಪ್ ರೇಸುಗಳಲ್ಲಿ ಹಿಂದಿನ ಓಟಗಳನ್ನು ನೋಡಿ ಪ್ರತಿ ಕುದುರೆಗೂ ರೇಟಿಂಗ್ ಕೊಡುತ್ತಾರೆ, ರೇಟಿಂಗ್ ಹೆಚ್ಚಿದ ಕುದುರೆ ಹೆಚ್ಚು ಭಾರ ಹೊತ್ತು ಓಡಬೇಕು. ಆದರೆ ಆ ಪದ್ಧತಿ ನಿಂತಿರುವುದು ಯಾವುದರ ಮೇಲೆ ಎಂದು ನೋಡಬೇಕು. ಅಲ್ಲಿ ಒಂದೊಂದು ಕುದುರೆಯ ಪ್ರತಿ ಓಟವೂ ದಾಖಲಾಗಿರುತ್ತದೆ. ಜಾಕಿ ಬೇಕೆಂದೇ ಕುದುರೆಯನ್ನು ಹಿಡಿದನೇ ಎಂದು ವಿಚಾರಿಸಲು, ತಪ್ಪು ಕಂಡರೆ ಶಿಕ್ಷಿಸಲು ಸ್ಟೀವರ್ಡುಗಳಿರುತ್ತಾರೆ. ಪ್ರಾಮಾಣಿಕವಾಗಿ ಓಡಿಸಿದ್ದಾರೆಯೇ ಎಂದು ಕಾಯುವ ವ್ಯವಸ್ಥೆ ಇಲ್ಲದಿದ್ದರೆ ಹ್ಯಾಂಡಿಕ್ಯಾಪ್ ಒಂದು ದಿನವೂ ನಿಲ್ಲದು. ಇನ್ನೂ ಮುಖ್ಯವಾಗಿ, ಯಾವ ಕುದುರೆ ನಿಜವಾಗಿ ಶ್ರೇಷ್ಠ ಎಂದು ತಿಳಿಯಬೇಕಾದ ಡರ್ಬಿಯಲ್ಲಿ ಈ ಪದ್ಧತಿಯನ್ನು ಯಾರೂ ಬಳಸುವುದಿಲ್ಲ. ಅಲ್ಲಿ ಗಂಡು ಕುದುರೆಗಳಿಗೆಲ್ಲ ಒಂದೇ ಭಾರ, ಹೆಣ್ಣು ಕುದುರೆಗೆ ಮೊದಲೇ ನಿಗದಿಯಾದ ಸ್ವಲ್ಪ ರಿಯಾಯಿತಿ. ಹಿಂದಿನ ಗೆಲುವಿಗೆ ಅಲ್ಲಿ ದಂಡವಿಲ್ಲ.

ಹವ್ಯಾಸಿ ಕಾರ್ ರೇಸಿನ ಫಲಿತಾಂಶ ಕಾರಿನ ಬಗ್ಗೆ ಹೇಳುವುದು ತೀರಾ ಕಡಿಮೆ. ಇದಕ್ಕೆ ಒಳ್ಳೆಯ ಸಾಕ್ಷಿ ಅದೇ ಕ್ಲಬ್ಬಿನ ‘ಸ್ಪೆಕ್ ಮಿಯಾಟಾ’ ವಿಭಾಗ. ಅಲ್ಲಿ ಎಲ್ಲರದೂ ಮಜ್ದಾ ಮಿಯಾಟಾ, ಎಲ್ಲರಿಗೂ ಗೊತ್ತುಪಡಿಸಿದ ಒಂದೇ ಟೈರು, ಒಂದೇ ಸಸ್ಪೆನ್ಷನ್. ಹಾಗಿದ್ದರೂ ಮುಂದಿನ ಸಾಲಿನ ಚಾಲಕನಿಗೂ ಹಿಂದಿನ ಸಾಲಿನವನಿಗೂ ಒಂದು ಸುತ್ತಿನಲ್ಲಿ ಹಲವು ಸೆಕೆಂಡುಗಳ ಅಂತರವಿರುತ್ತದೆ. ಆ ಅಂತರ ಹುಟ್ಟುವುದು ಚಾಲಕನ ಕೈಚಳಕ, ಅನುಭವ, ಹೊಸ ಟೈರಿಗೆ ಹಾಕುವ ದುಡ್ಡು, ಎಂಜಿನ್ ಕಟ್ಟಿದ ಮೆಕ್ಯಾನಿಕ್‌ನ ಜಾಣ್ಮೆ ಇವುಗಳಿಂದ. 42 ಕಿಲೊ ಭಾರ ಮಾಡುವ ವ್ಯತ್ಯಾಸ ಒಂದು ಸೆಕೆಂಡಾದರೆ, ಮನುಷ್ಯ ಮಾಡುವ ವ್ಯತ್ಯಾಸ ಅದರ ಮೂರು ನಾಲ್ಕು ಪಟ್ಟು. ಇಂಥ ಗದ್ದಲದ ನಡುವೆ ಕಾರಿನ ಪಾಲೆಷ್ಟು ಎಂದು ಬೇರ್ಪಡಿಸಲು ಒಂದೇ ಮಾದರಿಯ ಹತ್ತಾರು ಕಾರುಗಳು, ಬೇರೆ ಬೇರೆ ಚಾಲಕರು, ಬೇರೆ ಬೇರೆ ಟ್ರ್ಯಾಕುಗಳು ಬೇಕು. ಒಂದು ಪ್ರಾಂತ್ಯದ ಐಟಿಬಿ ರೇಸಿನಲ್ಲಿ ಒಂದು ಮಾದರಿಯ ಕಾರು ಒಂದೋ ಎರಡೋ ಇರುತ್ತದೆ. ಅದು ಗೆದ್ದರೆ ಗೆದ್ದದ್ದು ಕಾರೋ ಚಾಲಕನೋ ಹೇಳುವವರಾರು? ಜಾಣ ಚಾಲಕರು ಒಳ್ಳೆಯದೆಂದು ಹೆಸರಾದ ಕಾರನ್ನೇ ಆರಿಸಿಕೊಳ್ಳುವುದರಿಂದ ಗೆಲುವಿನ ಪಟ್ಟಿ ಇನ್ನಷ್ಟು ದಾರಿ ತಪ್ಪಿಸುತ್ತದೆ.

ಗೆಲುವಿಗೆ ಭಾರದ ಶಿಕ್ಷೆ ಇದೆಯೆಂದು ತಿಳಿದ ಮೇಲೆ ಮನುಷ್ಯರು ನಡೆದುಕೊಳ್ಳುವ ರೀತಿಯೂ ಬದಲಾಗುತ್ತದೆ. ಅರ್ಧ ಸೆಕೆಂಡ್ ಕಾಲು ಸಡಿಲಿಸಿ, ಗೆಲ್ಲಬೇಕಾದಷ್ಟೇ ಅಂತರದಲ್ಲಿ ಗೆದ್ದು, ನಿಜವಾದ ವೇಗವನ್ನು ವರ್ಷದ ಮುಖ್ಯ ರೇಸಿಗೆ ಬಚ್ಚಿಡುವುದೇ ಲಾಭದಾಯಕವಾಗುತ್ತದೆ. ಇದು ಹವ್ಯಾಸಿಗಳಿಗಷ್ಟೇ ಸಂಬಂಧಿಸಿದ ಭಯವಲ್ಲ. 2016ರ ಲೆ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ಅರ್ಹತಾ ಸುತ್ತು ಮುಗಿದ ಮೇಲೆ, ರೇಸು ಶುರುವಾಗುವ ಮುಂಚೆ, ಸಂಘಟಕರು ಜಿಟಿ ವರ್ಗದ ಲೆಕ್ಕಗಳನ್ನೇ ಬದಲಿಸಬೇಕಾಯಿತು. ಫೋರ್ಡ್ ಮತ್ತು ಫೆರಾರಿ ಕಾರುಗಳು ಏಕಾಏಕಿ ತೋರಿಸಿದ ವೇಗಕ್ಕೆ ಪ್ರತಿಯಾಗಿ ಅವುಗಳಿಗೆ ಭಾರ ಸೇರಿಸಲಾಯಿತು, ಎದುರಾಳಿಗಳ ಎಂಜಿನ್ನಿಗೆ ಹೆಚ್ಚು ಗಾಳಿ ಬಿಡಲಾಯಿತು. ಆದರೂ ಆ ವರ್ಗವನ್ನು ಗೆದ್ದದ್ದು ಫೋರ್ಡ್. ಪ್ರತಿ ಕಾರಿನಿಂದ ಕ್ಷಣಕ್ಷಣದ ಮಾಹಿತಿ ಪಡೆಯುವ, ಸಂಬಳದ ಎಂಜಿನಿಯರುಗಳಿರುವ ಸಂಸ್ಥೆಗೇ ಯಾರು ವೇಗವನ್ನು ಅಡಗಿಸಿಟ್ಟಿದ್ದಾರೆ ಎಂದು ಮುಂಚಿತವಾಗಿ ತಿಳಿಯದಿದ್ದರೆ, ಸ್ವಯಂಸೇವಕರ ಸಮಿತಿಯೊಂದು ಫಲಿತಾಂಶದ ಹಾಳೆ ನೋಡಿ ಹೇಗೆ ತಿಳಿದೀತು? ವೃತ್ತಿಪರ ಸರಣಿಗಳಿಗೆ ಟಿವಿ ಮುಂದೆ ಕೂತ ನೋಡುಗರನ್ನು ಹಿಡಿದಿಡುವ ಒತ್ತಡವಿದೆ. ಬ್ರಿಟನ್ನಿನ ಟೂರಿಂಗ್ ಕಾರ್ ಸರಣಿಯಲ್ಲಿ ಗೆದ್ದವರಿಗೆ ವರ್ಷಗಳ ಕಾಲ ಹೆಚ್ಚುವರಿ ಭಾರ ಹೊರಿಸಿದ್ದು ಅದಕ್ಕಾಗಿ. ಹವ್ಯಾಸಿ ರೇಸಿಗೆ ಆ ಹಂಗಿಲ್ಲ. ಅಲ್ಲಿ ನೋಡುಗರಿಗಿಂತ ಓಡಿಸುವವರೇ ಹೆಚ್ಚು, ಅವರಿಗೆ ಬೇಕಾದದ್ದು ತಮ್ಮ ಶ್ರಮಕ್ಕೆ ತಕ್ಕ ಫಲ.

ಫಲಿತಾಂಶ ನೋಡದೆ ಇದ್ದರೆ ತಪ್ಪುಗಳು ಹಾಗೇ ಉಳಿದುಬಿಡುವುದಿಲ್ಲವೇ ಎಂಬ ಮರುಪ್ರಶ್ನೆಗೆ ಇಂಪ್ರೂವ್ಡ್ ಟೂರಿಂಗ್ ಇತಿಹಾಸವೇ ಉತ್ತರ ಕೊಡುತ್ತದೆ. 1990ರ ದಶಕದ ಬಿಎಂಡಬ್ಲ್ಯು 325 ಕಾರು ಐಟಿಎಸ್ ವರ್ಗದಲ್ಲಿ ಬಹುಕಾಲ ಮೇಲುಗೈ ಸಾಧಿಸಿತ್ತು. ಅದರ ಘೋಷಿತ ಶಕ್ತಿ 189 ಅಶ್ವಶಕ್ತಿ, ನಿಯಮ ಪುಸ್ತಕದಲ್ಲಿ ಇದ್ದ ತೂಕ 2,850 ಪೌಂಡ್, ಅಂದರೆ ಸುಮಾರು 1,293 ಕಿಲೊ. ಮೇಲಿನ ಸೂತ್ರವನ್ನು ಅದಕ್ಕೆ ಹಚ್ಚಿ ನೋಡಿ: 189ಕ್ಕೆ ಶೇ 25 ಸೇರಿದರೆ 236, ಅದನ್ನು 5.85ರಿಂದ ಗುಣಿಸಿದರೆ 1,380 ಕಿಲೊ ದಾಟುತ್ತದೆ. ಸುಮಾರು 90 ಕಿಲೊ ಕೊರತೆ. ಅಂದರೆ ಒಂದು ರೇಸಿನ ಫಲಿತಾಂಶವನ್ನೂ ನೋಡದೆ, ಬರೀ ಅಂಕಿ ಹಿಡಿದೇ, ಈ ಕಾರು ತನ್ನ ಶಕ್ತಿಗಿಂತ ಹಗುರವಾಗಿದೆ ಎಂದು ಹೇಳಬಹುದಿತ್ತು. ಸೂತ್ರವನ್ನು ಎಲ್ಲ ಕಾರುಗಳಿಗೂ ಸಮನಾಗಿ ಹಚ್ಚದೆ ಹೋದದ್ದರಿಂದ ಸಮಸ್ಯೆ ಬೆಳೆಯಿತು. ಕೊನೆಗೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಡೆಯುವ ರೆಸ್ಟ್ರಿಕ್ಟರ್ ಹಾಕುವ ಮದ್ದು ಬಂತು. ಅದರ ಬಗ್ಗೆ ಎದ್ದ ಜಗಳ ಮೂಲ ಸಮಸ್ಯೆಗಿಂತ ದೊಡ್ಡದಾಯಿತು. ಹೆಚ್ಚು ಶಕ್ತಿಯ ಕಾರುಗಳಿಗೆಂದು ಐಟಿಆರ್ ವರ್ಗ ಬಂದ ಮೇಲೆ ಆ ಕಾರಿಗೆ ಸಹಜವಾದ ನೆಲೆ ಸಿಕ್ಕಿತು. ಫಲಿತಾಂಶಕ್ಕೆ ಒಂದು ಉಪಯೋಗ ಖಂಡಿತ ಇದೆ. ಈ ಕಾರಿನ ಲೆಕ್ಕವನ್ನು ಮತ್ತೊಮ್ಮೆ ನೋಡಿ ಎಂದು ಅದು ಎಚ್ಚರಿಸಬಹುದು. ಎಷ್ಟು ಕಿಲೊ ಸೇರಿಸಬೇಕು ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಸೂತ್ರದ ಬುನಾದಿಯಾದ ಕಂಪನಿಯ ಅಶ್ವಶಕ್ತಿಯ ಅಂಕಿಯನ್ನೇ ನಂಬಲಾಗದು ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. 2001ರ ಮಿಯಾಟಾಗೆ ಅಮೆರಿಕದಲ್ಲಿ ಮಜ್ದಾ ಮೊದಲು 155 ಅಶ್ವಶಕ್ತಿ ಎಂದು ಘೋಷಿಸಿ, ಆಮೇಲೆ 142 ಎಂದು ತಿದ್ದಿಕೊಂಡಿತು. ಬೇಡವೆಂದವರ ಕಾರನ್ನು ಹಿಂದಕ್ಕೆ ಕೊಳ್ಳುವುದಾಗಿಯೂ ಹೇಳಿತು. ಆ 13 ಅಶ್ವಶಕ್ತಿಯ ತಪ್ಪನ್ನು ಐಟಿಎ ಸೂತ್ರಕ್ಕೆ ಹಾಕಿದರೆ 107 ಕಿಲೊ ಆಗುತ್ತದೆ. 2005ರ ಸುಮಾರಿಗೆ ಅಳತೆಯ ನಿಯಮಗಳು ಬಿಗಿಯಾದಾಗ ಟೊಯೊಟಾ ಕ್ಯಾಮ್ರಿಯ ವಿ6 ಎಂಜಿನ್ನಿನ ಅಂಕಿ 210ರಿಂದ 190ಕ್ಕೆ ಇಳಿಯಿತು. ಎಂಜಿನ್ ಬದಲಾಗಿರಲಿಲ್ಲ, ಅಳೆಯುವ ರೀತಿ ಬದಲಾಗಿತ್ತು. 1972ಕ್ಕೂ ಹಿಂದಿನ ಅಮೆರಿಕನ್ ಕಾರುಗಳ ಅಂಕಿಗಳು ಇನ್ನೂ ಉಬ್ಬಿದವು. ಆಗ ಎಕ್ಸಾಸ್ಟ್, ಆಲ್ಟರ್ನೇಟರ್ ಯಾವುದೂ ಇಲ್ಲದ ಬರಿಯ ಎಂಜಿನ್ನನ್ನು ಅಳೆದು ಹೇಳುತ್ತಿದ್ದರು. ಆದರೆ ಇಲ್ಲಿ ಗಮನಿಸಬೇಕಾದದ್ದು ಈ ತಪ್ಪುಗಳೆಲ್ಲ ಬಯಲಿಗೆ ಬಂದದ್ದು ಅಳತೆಯಿಂದ ಎಂಬುದು. ಅಂಕಿ ತಪ್ಪಾಗಿದ್ದರೆ ಸರಿಯಾದ ಅಂಕಿ ಹುಡುಕಬೇಕು. ಅಂಕಿಗಳನ್ನೇ ಬಿಟ್ಟು ಊಹೆಗೆ ಶರಣಾಗುವುದು ಪರಿಹಾರವಲ್ಲ.

ಏರಿಕೆಯ ಅಂದಾಜಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಎಲ್ಲ ಎಂಜಿನ್ನಿಗೂ ಶೇ 25 ಎಂದು ಕಣ್ಣುಮುಚ್ಚಿ ಹಚ್ಚುವುದು ನ್ಯಾಯವಲ್ಲ ಎಂದು ನಾನೂ ಒಪ್ಪುತ್ತೇನೆ. ಹೋಂಡಾ ಎಸ್2000 ಎರಡು ಲೀಟರಿನ ಎಂಜಿನ್ನಿನಿಂದ ಷೋರೂಮಿನಲ್ಲೇ 240 ಅಶ್ವಶಕ್ತಿ ತೆಗೆಯುತ್ತಿತ್ತು. ಕಾರ್ಖಾನೆಯ ಎಂಜಿನಿಯರುಗಳೇ ಬಹುಪಾಲು ರಸ ಹಿಂಡಿಬಿಟ್ಟಿದ್ದರು. ಅದಕ್ಕೆ ಶೇ 25 ಸೇರಿಸಿದರೆ 300 ಆಗುತ್ತದೆ, ಐಟಿಆರ್‌ನ 5.1 ಗುಣಕಕ್ಕೆ 1,530 ಕಿಲೊ. ರಸ್ತೆಗೆ ಬಂದಾಗ ಆ ಕಾರಿನ ತೂಕ ಸುಮಾರು 1,270 ಕಿಲೊ ಇತ್ತು. ಇನ್ನೊಂದು ಕೊನೆಗೆ 1980ರ ದಶಕದ ಬಿಎಂಡಬ್ಲ್ಯು 325ಇ ಇದೆ. ಇಂಧನ ಉಳಿಸುವುದಕ್ಕೆಂದೇ ನಿಧಾನವಾಗಿ ತಿರುಗುವಂತೆ ಮಾಡಿದ 2.7 ಲೀಟರಿನ ಎಂಜಿನ್, ಶಕ್ತಿ 121 ಅಶ್ವಶಕ್ತಿ. ಎರಡು ಎಂಜಿನ್ನುಗಳೂ ಒಂದೇ ಪ್ರಮಾಣದಲ್ಲಿ ಏರುತ್ತವೆ ಎನ್ನಲು ಯಾವ ಕಾರಣವೂ ಇಲ್ಲ. ಹಾಗಾಗಿ ಶೇ 25 ಎಂಬುದು ಏನೂ ಗೊತ್ತಿಲ್ಲದಾಗ ಹಿಡಿಯುವ ಅಂಕಿ ಮಾತ್ರ ಆಗಿರಬೇಕು, ಗೊತ್ತಾದ ಕೂಡಲೇ ಬಿಡುವಂಥದ್ದು. ಗೊತ್ತಾಗುವುದೆಂದರೆ ಏನು ಎಂಬುದಕ್ಕೂ ಗೆರೆ ಬೇಕು. ಒಬ್ಬರು ತಂದ ಒಂದು ಡೈನೊ ಹಾಳೆ ಸಾಲದು. ಡೈನೊ ಯಂತ್ರಗಳು ಚಕ್ರದ ಬಳಿ ಶಕ್ತಿ ಅಳೆಯುತ್ತವೆ, ಒಂದೊಂದು ಕಂಪನಿಯ ಯಂತ್ರ ಒಂದೊಂದು ಅಂಕಿ ಕೊಡುತ್ತದೆ, ಗೇರ್ ಪೆಟ್ಟಿಗೆಯಲ್ಲಿ ಸೋರಿಹೋದದ್ದನ್ನು ಸೇರಿಸಿ ಲೆಕ್ಕ ಹಾಕಬೇಕು. ನಿಯಮ ಬಿಟ್ಟಷ್ಟನ್ನೂ ಮಾಡಿ ಚೆನ್ನಾಗಿ ಕಟ್ಟಿದ, ಬೇರೆ ಬೇರೆ ಒಡೆಯರ ಹಲವು ಕಾರುಗಳ ಅಳತೆ ಒಂದಕ್ಕೊಂದು ಹೊಂದಿಬಂದರೆ ಮಾತ್ರ ಅಂದಾಜನ್ನು ಬದಲಿಸಬೇಕು. ಮೇಲಕ್ಕಾಗಲಿ ಕೆಳಕ್ಕಾಗಲಿ ಪುರಾವೆಯ ಮಟ್ಟ ಒಂದೇ ಇರಬೇಕು. ಐಟಿಬಿ, ಐಟಿಸಿಗಳಲ್ಲಿ ಹೆಚ್ಚು ವಾಲ್ವುಗಳ ಎಂಜಿನ್ನುಗಳಿಗೆ ಸಾರಾಸಗಟಾಗಿ ಶೇ 30 ಹಚ್ಚಿದ ಪದ್ಧತಿ ವಿವಾದವಾದದ್ದು ಇದೇ ಕಾರಣಕ್ಕೆ. ಒಂದು ಜಾತಿಯ ಎಂಜಿನ್ ಎಂಬ ಕಾರಣ ಆ ಜಾತಿಯ ಪ್ರತಿಯೊಂದಕ್ಕೂ ಪುರಾವೆಯಾಗುವುದಿಲ್ಲ.

ಅಶ್ವಶಕ್ತಿಯೊಂದೇ ಕಾರಲ್ಲ ಎಂಬುದು ಮೂರನೆಯ ಆಕ್ಷೇಪ. ಟಾರ್ಕ್, ಗೇರುಗಳ ಅನುಪಾತ, ಗಾಳಿಯನ್ನು ಸೀಳುವ ಆಕಾರ, ಮುಂದಿನ ಟೈರುಗಳ ಮೇಲೆ ಬೀಳುವ ಒತ್ತಡ ಇವೆಲ್ಲ ವೇಗವನ್ನು ನಿರ್ಧರಿಸುತ್ತವೆ. ನಿಜವೇ. ಆದರೆ ಪ್ರತಿಯೊಂದಕ್ಕೂ ಒಂದೊಂದು ಗುಣಕ ಸೇರಿಸುತ್ತಾ ಹೋದರೆ ಸೂತ್ರ ನಿಖರವಾಗುವ ಬದಲು ಅಪಾರದರ್ಶಕವಾಗುತ್ತದೆ. ಹತ್ತು ಗುಣಕಗಳಿದ್ದರೆ ಬೇಕಾದ ಉತ್ತರ ಬರುವಂತೆ ಯಾವುದಾದರೊಂದನ್ನು ತಿರುಗಿಸುವುದು ಸುಲಭ. ವೇಗಕ್ಕೆ ಖಚಿತವಾಗಿ ಸಂಬಂಧಿಸಿದ, ಕಾರನ್ನು ನೋಡಿದರೆ ಹೌದು ಅಥವಾ ಇಲ್ಲ ಎಂದು ಹೇಳಬಹುದಾದ ಕೆಲವೇ ಲಕ್ಷಣಗಳಿಗೆ ದೊಡ್ಡ ಮೆಟ್ಟಿಲಿನ ಕೂಡು ಕಳೆ ಇರಲಿ. ಮುಂಚಕ್ರದ ಚಾಲನೆಯೇ, ಎಂಜಿನ್ ನಡುವಿನಲ್ಲಿದೆಯೇ, ಹಿಂದೆ ಗಟ್ಟಿ ಆಕ್ಸಲ್ ಇದೆಯೇ ಎಂಬಷ್ಟು ಸಾಕು. ಉಳಿದ ವ್ಯತ್ಯಾಸವನ್ನು ಟ್ರ್ಯಾಕಿಗೆ ಬಿಡಬೇಕು. ಒಂದು ಕಾರು ಉದ್ದ ನೇರದಾರಿ ಇರುವ ರೋಡ್ ಅಟ್ಲಾಂಟಾದಲ್ಲಿ ಮಿಂಚಿದರೆ ಇನ್ನೊಂದು ತಿರುವುಗಳೇ ತುಂಬಿದ ಸಣ್ಣ ಟ್ರ್ಯಾಕಿನಲ್ಲಿ ಮಿಂಚುತ್ತದೆ. ಎಲ್ಲ ಕಾರೂ ಎಲ್ಲ ಕಡೆಯೂ ಸಮನಾಗುವಂತೆ ಮಾಡಲು ಯಾವ ಸೂತ್ರಕ್ಕೂ ಸಾಧ್ಯವಿಲ್ಲ. ಯಾವ ಕಾರಿಗೂ ಗೆಲುವಿನ ಖಾತರಿ ಇಲ್ಲ ಎಂದು ನಿಯಮ ಪುಸ್ತಕವೇ ಹೇಳುತ್ತದೆ. ಭರವಸೆ ಕೊಡಬೇಕಾದದ್ದು ಗೆಲುವಿಗಲ್ಲ, ಎಲ್ಲರ ಲೆಕ್ಕವನ್ನೂ ಒಂದೇ ರೀತಿ ಮಾಡಿದ್ದೇವೆ ಎಂಬುದಕ್ಕೆ.

ಇನ್ನು ಸ್ಥಿರತೆಯ ಪ್ರಶ್ನೆ. ಹತ್ತು ವರ್ಷದಿಂದ ಒಂದು ತೂಕಕ್ಕೆ ಹೊಂದಿಸಿದ ಕಾರನ್ನು ಸೂತ್ರದ ಹೆಸರಿನಲ್ಲಿ ಏಕೆ ಮುಟ್ಟಬೇಕು ಎನ್ನುವವರ ನೋವು ಅರ್ಥವಾಗುವಂಥದ್ದು. ತೂಕ ಬದಲಾದರೆ ಸ್ಪ್ರಿಂಗುಗಳಿಂದ ಹಿಡಿದು ಬ್ರೇಕಿನವರೆಗೆ ಹೊಸದಾಗಿ ಹೊಂದಿಸಬೇಕಾಗುತ್ತದೆ. ಭಾರ ಸೇರಿಸುವುದು ಸುಲಭ, ಸೀಸದ ಫಲಕವನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದರೆ ಮುಗಿಯಿತು. ಇಳಿಸುವುದು ಕಷ್ಟ, ಕೆಲವೊಮ್ಮೆ ಅಸಾಧ್ಯ. ಬಾಗಿಲು, ಡ್ಯಾಶ್‌ಬೋರ್ಡ್ ತೆಗೆಯಲು ನಿಯಮ ಬಿಡದಿದ್ದರೆ ಕಾಗದದ ಮೇಲೆ 40 ಕಿಲೊ ಇಳಿಸಿದ್ದು ಕೆಲವು ಕಾರುಗಳಿಗೆ ಕೈಗೆಟುಕುವುದೇ ಇಲ್ಲ. ಹಾಗಾಗಿ ತಿದ್ದುಪಡಿ ವರ್ಷಕ್ಕೊಮ್ಮೆ, ಗೊತ್ತಾದ ಕಾಲದಲ್ಲಿ, ಸಾಕಷ್ಟು ಮುಂಚಿತ ಸೂಚನೆಯೊಂದಿಗೆ ಆಗಲಿ. ಸಣ್ಣ ವ್ಯತ್ಯಾಸಗಳಿಗೆ ಕೈ ಹಾಕುವುದು ಬೇಡ. ಆದರೆ ಸ್ಥಿರತೆಯ ಹೆಸರಿನಲ್ಲಿ ಹಳೆಯ ತಪ್ಪಿಗೆ ಶಾಶ್ವತ ರಕ್ಷಣೆ ಕೊಡಬಾರದು. ಹೊಸದಾಗಿ ಸೇರುವ ಕಾರಿಗೆ ಸೂತ್ರ, ಹಳೆಯದಕ್ಕೆ ಹಳೆಯ ತೂಕ ಎಂದಾದರೆ ಒಂದೇ ರೇಸಿನಲ್ಲಿ ಎರಡು ಕಾನೂನು ನಡೆಯುತ್ತವೆ. ಹಾಗಿದ್ದರೆ ಎಲ್ಲರೂ ಒಂದೇ ಮಾದರಿಯ ಕಾರು ಓಡಿಸಿ ಈ ಜಂಜಾಟವನ್ನೇ ಬಿಡಬಹುದಲ್ಲ ಎಂಬ ಸಲಹೆಯೂ ಇದೆ. ಆದರೆ ಸ್ಪೆಕ್ ಮಿಯಾಟಾದಲ್ಲೇ 1.6 ಲೀಟರಿನ ಹಳೆಯ ಕಾರಿಗೂ 1.8 ಲೀಟರಿನ ನಂತರದ ಕಾರಿಗೂ ಬೇರೆ ಬೇರೆ ತೂಕ ನಿಗದಿ ಮಾಡಬೇಕಾಗಿದೆ, ಹೊಸವಕ್ಕೆ ರೆಸ್ಟ್ರಿಕ್ಟರ್ ಕೂಡ ಹಾಕಬೇಕಾಗಿದೆ. ತಪ್ಪಿಸಿಕೊಳ್ಳಲು ಹೋದರೂ ಪ್ರಶ್ನೆ ಹಿಂಬಾಲಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಪ್ಪ ಓಡಿಸಿದ ವೋಲ್ವೊ, ಕಾಲೇಜಿನಲ್ಲಿ ಕೊಂಡ ಫೋಕ್ಸ್‌ವ್ಯಾಗನ್ ಗಾಲ್ಫ್ ತಂದು ಓಡಿಸಬಹುದು ಎಂಬುದರಲ್ಲೇ ಈ ವಿಭಾಗದ ಜೀವವಿದೆ.

ಕೊನೆಯದಾಗಿ, ಲೆಕ್ಕ ಮಾಡುವವರ ವಿಷಯ. ಇಂಪ್ರೂವ್ಡ್ ಟೂರಿಂಗ್‌ಗೆ ಸಲಹಾ ಸಮಿತಿ ಇದೆ, ಅದರ ಮೇಲೆ ಕ್ಲಬ್ಬಿನ ರೇಸಿಂಗ್ ಮಂಡಳಿ, ಅದರ ಮೇಲೆ ಸದಸ್ಯರು ಆರಿಸಿದ ನಿರ್ದೇಶಕರು. ಕಾರುಗಳನ್ನು ಬಲ್ಲವರೇ ಸಲಹಾ ಸಮಿತಿಯಲ್ಲಿ ಇರಬೇಕು, ಬಲ್ಲವರೆಂದರೆ ಬಹುಪಾಲು ಸ್ವತಃ ಸ್ಪರ್ಧಿಗಳೇ. ಅದನ್ನು ತಪ್ಪಿಸಲಾಗದು, ತಪ್ಪಿಸಬೇಕಾಗಿಯೂ ಇಲ್ಲ. ಆದರೆ ತಾನು ಓಡಿಸುವ ವರ್ಗದ ಕಾರಿಗೆ ತೂಕ ಗೊತ್ತುಮಾಡುವ ಅಧಿಕಾರ ಒಬ್ಬರ ಕೈಯಲ್ಲಿದ್ದಾಗ, ಅವರು ಎಷ್ಟೇ ಪ್ರಾಮಾಣಿಕರಾದರೂ, ಉಳಿದವರಿಗೆ ನಂಬಿಕೆ ಬರುವುದು ಲೆಕ್ಕ ಕಣ್ಣೆದುರಿಗಿದ್ದಾಗ ಮಾತ್ರ. ನಿಯಮ ಪುಸ್ತಕದಲ್ಲಿ ಇಂದು ಪ್ರತಿ ಕಾರಿನ ಎದುರು ಅಂತಿಮ ತೂಕ ಇರುತ್ತದೆ. ಅದರ ಜೊತೆಗೆ ಮೂಲ ಅಶ್ವಶಕ್ತಿ, ಹಿಡಿದ ಏರಿಕೆಯ ಅಂದಾಜು, ಆ ಅಂದಾಜಿಗೆ ಕಾರಣ, ವರ್ಗದ ಗುಣಕ, ಕೂಡಿದ್ದು ಕಳೆದದ್ದು, ನಿರ್ಧರಿಸಿದ ತಾರೀಖು ಇಷ್ಟನ್ನೂ ಪ್ರಕಟಿಸಬೇಕು. ತಾವು ಓಡಿಸುವ ಮಾದರಿಯ ವಿಷಯ ಬಂದಾಗ ಸಮಿತಿಯ ಸದಸ್ಯರು ಮತ ಹಾಕಬಾರದು. ತಿದ್ದುಪಡಿ ಕೇಳಿ ಬಂದ ಮನವಿಯನ್ನು ತಿರಸ್ಕರಿಸಿದರೂ ಕಾರಣ ಬರೆಯಬೇಕು. ಇದಕ್ಕೆ ಹೊಸ ಯಂತ್ರ ಬೇಡ, ದೊಡ್ಡ ಖರ್ಚೂ ಇಲ್ಲ. ಬೇಕಾದದ್ದು ಕೆಲವು ಸಾಲುಗಳ ಒಂದು ಹಾಳೆ ಮತ್ತು ಅದನ್ನು ಎಲ್ಲರ ಮುಂದಿಡುವ ಮನಸ್ಸು. ಭಾರತದಲ್ಲಿ ಮುಂದೆ ಕ್ಲಬ್ ಮಟ್ಟದ ರೇಸು ಬೆಳೆದು, ಸಿಸಿ ಲೆಕ್ಕ ಸಾಲದೆಂದು ನಮ್ಮ ಸಂಘಟಕರಿಗೂ ಅನಿಸುವ ದಿನ ಬಂದರೆ, ಅಮೆರಿಕದವರು ಜಗಳವಾಡಿ ಕಲಿತ ಈ ಪಾಠವನ್ನು ನಾವು ಮೊದಲ ದಿನದಿಂದಲೇ ಅನುಸರಿಸಬಹುದು. ಚೆನ್ನಾಗಿ ಓಡಿಸಿದ್ದಕ್ಕೆ ಯಾರಿಗೂ ದಂಡ ಬೀಳಬಾರದು. ಕಾರಿನ ಮೇಲೆ ಹೊರಿಸಿದ ಒಂದೊಂದು ಕಿಲೊಗೂ ಕಾರಣ ಕೇಳುವ ಹಕ್ಕು ಅದನ್ನು ಹೊತ್ತು ಓಡುವವನಿಗೆ ಇರಬೇಕು, ಆ ಕಾರಣವನ್ನು ಬರೆದು ಕೊಡುವುದು ನಿಯಮಕಾರರ ಕರ್ತವ್ಯವಾಗಬೇಕು.